ತಮಾಷಾದ ಅಂಗಳದಲ್ಲಿ ಅಣ್ಣಾಭಾವು ಸಾಠೆ

ನಮ್ಮ ಜತ್ತ ತಾಲೂಕು ಸಾಂಗಲಿ ಜಿಲ್ಲೆಯ ಮೂಡಣ ಅಂಚು. ಮಳೆ ಕೈಕೊಡುವ, ಜೋಳ ಸಜ್ಜೆಯ, ಕನ್ನಡದ ಸೀಮೆ. ಅದೇ ಜಿಲ್ಲೆಯ ಪಡುವಣದಲ್ಲಿ ಕೃಷ್ಣಾ ಮತ್ತು ವಾರಣಾ ನದಿಗಳ ನಡುವೆ ವಾಳವಾ ತಾಲೂಕು ಇದೆ. ಅದು ಕಬ್ಬಿನ, ಮರಾಠಿಯ ಸೀಮೆ. ಮರಾಠಿ ತಮಾಷಾದ ಚರಿತ್ರೆಯಲ್ಲಿ ಮರೆಯಲಾಗದ ಇಬ್ಬರು ಆ ಒಂದೇ ತಾಲೂಕಿನವರು. ಒಬ್ಬರು ರೇಠರೆ ಹರಣಾಕ್ಷದ ಪಠ್ಠೆ ಬಾಪೂರಾವ್. ಬ್ರಾಹ್ಮಣ ಕುಲಕರ್ಣಿ ಮನೆತನದಲ್ಲಿ ಹುಟ್ಟಿ, ತಮಾಷಾದ ಮೋಹಕ್ಕೆ ಜಾತಿಯನ್ನೇ ತೊರೆದು, ಮಹಾರ ಕಲಾವಿದೆ ಪವಳಾ ಅವರೊಡನೆ ಫಡ ಕಟ್ಟಿದವರು. ಇನ್ನೊಬ್ಬರು ವಾಟೇಗಾಂವದ ಅಣ್ಣಾಭಾವು ಸಾಠೆ. ಬಾಪೂರಾವರು ತಮಾಷಾಕ್ಕೆ ಇಳಿದು ಬಂದರು ಎಂದು ಹಿಂದಿನವರು ಹೇಳುತ್ತಿದ್ದರು. ಅಣ್ಣಾಭಾವು ಅಲ್ಲಿಗೆ ಇಳಿಯಬೇಕಾಗಿರಲಿಲ್ಲ. ಅವರು ಅಲ್ಲಿಯೇ ಹುಟ್ಟಿದವರು. ಈ ವ್ಯತ್ಯಾಸವನ್ನು ಮರೆಯದೆ ಅವರ ಬಾಳನ್ನು ಓದಬೇಕು.

ದಲಿತ ರಂಗಭೂಮಿಯ ಪಾಠ ಬಂದಾಗ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಾದ ನೀವು ಸಿದ್ಧಲಿಂಗಯ್ಯನವರ ‘ಪಂಚಮ’, ‘ಏಕಲವ್ಯ’ಗಳನ್ನು ಹೆಸರಿಸುತ್ತೀರಿ. ಅದು ಸರಿಯೇ. ಆದರೆ ನಾವು ನೆಲೆ ನಿಂತಿರುವ ಈ ನೆಲದಲ್ಲಿಯೇ, ಆ ನಾಟಕಗಳಿಗಿಂತ ದಶಕಗಳ ಮೊದಲು, ಶಾಲೆಯ ಮೆಟ್ಟಿಲನ್ನು ಸರಿಯಾಗಿ ಹತ್ತದ ಒಬ್ಬ ಮನುಷ್ಯ ಹಲಗೆ, ಢೋಲಕಿ, ತುಣತುಣೆಗಳನ್ನು ಹಿಡಿದು ಬೀದಿಯ ಜನರೆದುರು ನಾಟಕವಾಡಿದ ಎಂಬುದು ನಮಗೆ ತಿಳಿದಿರಬೇಕು. ನಾನು ಪ್ರಾಥಮಿಕ ಶಾಲೆಯನ್ನು ಕನ್ನಡದಲ್ಲಿಯೂ ಹೈಸ್ಕೂಲನ್ನು ಮರಾಠಿಯಲ್ಲಿಯೂ ಓದಿದವನು. ಎರಡೂ ಭಾಷೆಗಳ ಸಾಹಿತ್ಯ ಚರಿತ್ರೆಗಳನ್ನು ಬಾಯಿಪಾಠ ಮಾಡಿದೆ. ಆದರೂ ಅಣ್ಣಾಭಾವು ಅವರ ಹೆಸರನ್ನು ನಾನು ಮೊದಲು ಕೇಳಿದ್ದು ತರಗತಿಯಲ್ಲಲ್ಲ, ಊರ ಹೊರಗಿನ ಕೇರಿಯ ಧ್ವನಿವರ್ಧಕದಲ್ಲಿ.

ಅವರು ಹುಟ್ಟಿದ್ದು 1920ರ ಆಗಸ್ಟ್ 1ರಂದು. ವಾಟೇಗಾಂವ ಆಗ ಸಾತಾರಾ ಜಿಲ್ಲೆಗೆ ಸೇರಿತ್ತು. ಇಟ್ಟ ಹೆಸರು ತುಕಾರಾಮ. ತಂದೆ ಭಾವುರಾವ್, ತಾಯಿ ವಾಲಬಾಯಿ. ಜಾತಿಯಿಂದ ಮಾಂಗ, ಅಂದರೆ ಮಾತಂಗ. ಹಗ್ಗ ಹೊಸೆಯುವುದು, ಕಸಬರಿಗೆ ಕಟ್ಟುವುದು, ಊರಿನ ಮದುವೆ ಮುಂಜಿ ಜಾತ್ರೆಗಳಲ್ಲಿ ಹಲಗೆ ಬಾರಿಸುವುದು, ಇವು ಊರು ಆ ಸಮುದಾಯಕ್ಕೆ ಹೊರಿಸಿದ್ದ ಕೆಲಸಗಳು. ಇವುಗಳ ಮೇಲೆ ಬ್ರಿಟಿಷ್ ಸರಕಾರ ಇನ್ನೊಂದು ಹೊರೆ ಹೊರಿಸಿತು. ಅಪರಾಧಿ ಬುಡಕಟ್ಟುಗಳ ಕಾಯಿದೆಯ ಹೆಸರಿನಲ್ಲಿ ಆ ಭಾಗದ ಮಾಂಗರು ಚಾವಡಿಗೆ ಹೋಗಿ ಹಾಜರಿ ಕೊಡಬೇಕಾಗಿತ್ತು. ಕಳವು ಮಾಡಿದವನಿಗೆ ಶಿಕ್ಷೆ ಎಂಬುದು ಲೋಕದ ನ್ಯಾಯ. ಇಲ್ಲಿ ಹುಟ್ಟಿದ್ದಕ್ಕೇ ಹಾಜರಿ. ಊರಿನವರು ಮುಟ್ಟುವುದಿಲ್ಲ, ಪೊಲೀಸರು ಬಿಡುವುದಿಲ್ಲ. ಮುಂದೆ ಅವರು ಬರೆದ ಕತೆ ಕಾದಂಬರಿಗಳಲ್ಲಿ ಈ ಹಾಜರಿಯ ಅವಮಾನ ಮತ್ತೆ ಮತ್ತೆ ಬರುತ್ತದೆ.

ಶಾಲೆಗೆ ಅವರು ಹೋದದ್ದು ಒಂದೂವರೆ ದಿನ ಎಂದು ಜೀವನ ಚರಿತ್ರೆಗಳು ಹೇಳುತ್ತವೆ. ಅಸ್ಪೃಶ್ಯ ಹುಡುಗನಿಗೆ ಅಲ್ಲಿ ಸಿಕ್ಕ ನಡವಳಿಕೆ ಮೂರನೆಯ ಹೊತ್ತಿಗೆ ಕಾಲಿಡದಂತೆ ಮಾಡಿತು. ಆದರೆ ಊರಿನಲ್ಲಿ ಬೇರೊಂದು ಶಾಲೆ ಇತ್ತು. ದಾಂಡಪಟ್ಟಾ ತಿರುಗಿಸುವುದು, ಕಾಡು ಅಲೆಯುವುದು, ಹಾಡು ಕೇಳಿ ನೆನಪಿನಲ್ಲಿಟ್ಟುಕೊಳ್ಳುವುದು, ಸಂಬಂಧಿಕರ ತಮಾಷಾ ಫಡದಲ್ಲಿ ವಾದ್ಯಗಳನ್ನು ಮುಟ್ಟಿ ನೋಡುವುದು. ಆ ಫಡ ಬಂಧುವಾದ ಬಾಪು ಸಾಠೆಯವರದು.

ಬಡತನ ಮತ್ತು ಬರ ಸೇರಿದಾಗ, 1931ರ ಸುಮಾರಿಗೆ, ಕುಟುಂಬ ಮುಂಬಯಿಗೆ ಹೊರಟಿತು. ರೈಲಿಗೆ ಹಣವಿಲ್ಲ; ನಡಿಗೆಯೇ ದಾರಿ. ದಾರಿಯುದ್ದಕ್ಕೂ ಸಿಕ್ಕ ಕೂಲಿ ಮಾಡುತ್ತ, ಅಲ್ಲಲ್ಲಿ ತಂಗುತ್ತ ತಿಂಗಳುಗಟ್ಟಲೆ ನಡೆದು ಅವರು ಮಹಾನಗರವನ್ನು ಸೇರಿದರು. ಆ ಹುಡುಗ ಅಲ್ಲಿ ಮಾಡದ ಕೆಲಸವಿಲ್ಲ: ಕಲ್ಲಿದ್ದಲು ಹೊರುವುದು, ಬಟ್ಟೆ ಮಾರುವವನ ಗಂಟು ಹೊರುವುದು, ಕೊನೆಗೆ ಗಿರಣಿಯ ಕೂಲಿ. ಅಕ್ಷರ ಕಲಿತದ್ದು ಅಂಗಡಿಗಳ ಫಲಕಗಳಿಂದ, ಸಿನಿಮಾ ಭಿತ್ತಿಪತ್ರಗಳಿಂದ. ಒಂದೂವರೆ ದಿನದಲ್ಲಿ ಮುಚ್ಚಿಹೋದ ಬಾಗಿಲು ಹೀಗೆ ಬೀದಿಯಲ್ಲಿ ತೆರೆಯಿತು. ಮುಂದೆ ಮೂವತ್ತಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದ ಕೈ ಅದು.

ಮಾಟುಂಗಾದ ಲೇಬರ್ ಕ್ಯಾಂಪಿನಲ್ಲಿ ಅವರಿಗೆ ಕಮ್ಯುನಿಸ್ಟ್ ಕಾರ್ಯಕರ್ತರ ಸಂಗ ದೊರೆಯಿತು. ಅಲ್ಲಿಯ ಕೊಳಚೆಯ ಸೊಳ್ಳೆಗಳ ಮೇಲೆ ಒಂದು ಪೋವಾಡಾ ಕಟ್ಟಿ ಹಾಡಿದ್ದು ಅವರ ತೀರ ಮೊದಲಿನ ರಚನೆಗಳಲ್ಲಿ ಒಂದು. ಪೋವಾಡಾ ಎಂದರೆ ವೀರರ ಸಾಹಸವನ್ನು ಹಾಡುವ ಪ್ರಕಾರ. ಕೋಟೆ ಗೆದ್ದವರಿಗೆ ಮೀಸಲಾದ ಛಂದಸ್ಸನ್ನು ಸೊಳ್ಳೆಗೆ ಕೊಟ್ಟ ಆ ಚೇಷ್ಟೆಯಲ್ಲಿಯೇ ಮುಂದಿನ ನಾಟಕಕಾರ ಇಣುಕುತ್ತಾನೆ. ಅದೇ ಕಾಲದಲ್ಲಿ ಗಾರ್ಕಿಯನ್ನು ಓದಿದರು. 1942ರ ಚಳವಳಿಯ ದಿನಗಳಲ್ಲಿ ಸಾತಾರಾ ಸೀಮೆಯ ಭೂಗತ ಹೋರಾಟದ ಗಾಳಿ ಅವರಿಗೂ ತಾಗಿತು. ಹಿಟ್ಲರನ ಸೇನೆ ಸ್ಟಾಲಿನ್‌ಗ್ರಾಡಿನಲ್ಲಿ ಸೋತ ಕಾಲಕ್ಕೆ ಆ ಕದನದ ಪೋವಾಡಾವನ್ನು ಕಟ್ಟಿದರು. ಕಡಲಾಚೆಯ ಯುದ್ಧವನ್ನು ಮುಂಬಯಿಯ ಗಿರಣಿ ಕೆಲಸಗಾರ ತನ್ನದೇ ಯುದ್ಧವೆಂದು ಕೇಳಿಸಿಕೊಂಡ. 1944ರಲ್ಲಿ ಅಮರ ಶೇಖ ಮತ್ತು ಗವ್ಹಾಣಕರರೊಡನೆ ಸೇರಿ ‘ಲಾಲ ಬಾವಟಾ ಕಲಾಪಥಕ’ವನ್ನು ಸ್ಥಾಪಿಸಿದರು. ಅಮರ ಶೇಖ ನಮ್ಮ ನೆರೆಯ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯವರು. ಧ್ವನಿವರ್ಧಕವಿಲ್ಲದೆ ಮೈದಾನವನ್ನು ತುಂಬಬಲ್ಲ ಕಂಠ ಅವರದೆಂದು ಕೇಳಿದವರು ಹೇಳುತ್ತಿದ್ದರು.

ಇಲ್ಲಿ ಸ್ವಲ್ಪ ನಿಂತು, ಅವರ ಕೈಗೆ ಬಂದ ತಮಾಷಾ ಎಂಥದು ಎಂಬುದನ್ನು ನೋಡಬೇಕು. ನಮ್ಮ ಸಣ್ಣಾಟ, ಪಾರಿಜಾತಗಳನ್ನು ಬಲ್ಲವರಿಗೆ ಅದರ ಮೈಕಟ್ಟು ಅಪರಿಚಿತವಲ್ಲ. ಮೊದಲು ‘ಗಣ’, ಅಂದರೆ ಗಣಪತಿಯ ಸ್ತುತಿ. ಬಳಿಕ ‘ಗೌಳಣ’: ಮಥುರೆಯ ಸಂತೆಗೆ ಹಾಲು ಮೊಸರು ಹೊತ್ತು ಹೊರಟ ಗೊಲ್ಲತಿಯರನ್ನು ಕೃಷ್ಣನೂ ಅವನ ಗೆಳೆಯ ಪೆಂದ್ಯಾನೂ ಅಡ್ಡಗಟ್ಟುವ ಪ್ರಸಂಗ, ಜೊತೆಗೆ ಗಂಡಸೇ ಹೆಣ್ಣುವೇಷ ತೊಟ್ಟ ‘ಮಾವಶಿ’. ನಮ್ಮ ಕೃಷ್ಣ ಪಾರಿಜಾತದ ಗೊಲ್ಲತಿಯನ್ನು ನೆನಪಿಸಿಕೊಳ್ಳಿ. ಆಮೇಲೆ ಮಾತಿನ ಚಕಮಕಿಯ ‘ಬತಾವಣಿ’, ಲಾವಣಿ, ಕಡೆಯಲ್ಲಿ ಕಥಾನಾಟಕವಾದ ‘ವಗ’. ವಗದ ತುಂಬ ರಾಜ, ಪ್ರಧಾನ, ಮತ್ತು ಅವರಿಬ್ಬರ ಮುಖವಾಡವನ್ನು ಕಳಚುವ ‘ಸೋಂಗಾಡ್ಯಾ’ ಎಂಬ ವಿದೂಷಕ.

ಈ ಕಲೆಯನ್ನು ಆಡುತ್ತಿದ್ದವರು ಬಹುಮಟ್ಟಿಗೆ ಮಹಾರರು, ಮಾಂಗರು, ಕೊಲ್ಹಾಟಿಗಳು. ನೋಡಿ ಬಹುಮಾನ ಎಸೆಯುತ್ತಿದ್ದವರು ಊರಿನ ಪಾಟೀಲ ಕುಲಕರ್ಣಿಗಳು. ರಾತ್ರಿ ಬೆಳಕಿನಲ್ಲಿ ರಾಜನ ಪಾತ್ರ ಹಾಕಿದವನು ಬೆಳಗಾದರೆ ಅದೇ ಪಾಟೀಲನ ಕಟ್ಟೆಯ ಕೆಳಗೆ ಕೈಚಾಚಿ ನಿಲ್ಲಬೇಕು. ಹಲಗೆ ಬಾರಿಸುವುದು ಕಲೆಯಾಗಿರಲಿಲ್ಲ, ಊಳಿಗವಾಗಿತ್ತು. ಕುಣಿಯುವ ಹೆಣ್ಣಿನ ಪಾಡು ಇನ್ನೂ ಕಷ್ಟದ್ದು. ಆದ್ದರಿಂದಲೇ ಅಂಬೇಡ್ಕರ್ ಚಳವಳಿಯವರಿಗೆ ತಮಾಷಾದ ಬಗ್ಗೆ ಗಾಢವಾದ ಹಿಂಜರಿಕೆ ಇತ್ತು. ಅವರು 1930ರ ದಶಕದಲ್ಲಿ ಭೀಮರಾವ್ ಕರ್ಡಕ ಮೊದಲಾದವರ ಮುಂದಾಳುತನದಲ್ಲಿ ‘ಜಲಸಾ’ ಎಂಬ ಬೇರೆಯ ಪ್ರಕಾರವನ್ನು ಬೆಳೆಸಿದರು. ಅದರಲ್ಲಿ ಶೃಂಗಾರದ ಕುಣಿತವಿಲ್ಲ, ಕೆರೆಯ ನೀರಿನ, ಗುಡಿಯ ಬಾಗಿಲಿನ, ಸತ್ತ ದನ ಹೊರುವುದನ್ನು ಬಿಡುವ ಮಾತು ಇತ್ತು. ಅದಕ್ಕೂ ಹಿಂದೆ ಸತ್ಯಶೋಧಕರ ಜಲಸಾ. ಎಲ್ಲಕ್ಕೂ ಹಿಂದೆ, 1855ರಲ್ಲಿ, ಮಹಾತ್ಮ ಫುಲೆಯವರ ‘ತೃತೀಯ ರತ್ನ’. ಗರ್ಭಿಣಿಯಾದ ಕುಣಬಿ ಹೆಂಗಸನ್ನೂ ಅವಳ ಗಂಡನನ್ನೂ ಗ್ರಹಚಾರದ ಭಯ ಹುಟ್ಟಿಸಿ ಜೋಯಿಸ ಸುಲಿಯುವ ಆ ನಾಟಕವನ್ನು ದಕ್ಷಿಣಾ ಪ್ರೈಜ್ ಕಮಿಟಿ ಒಪ್ಪಲಿಲ್ಲ. ನೂರು ವರ್ಷಕ್ಕೂ ಹೆಚ್ಚು ಕಾಲ ಅದು ಅಚ್ಚಾಗದೆ ಉಳಿಯಿತು. ಜಾತಿಯನ್ನು ಪ್ರಶ್ನಿಸುವ ನಾಟಕದ ಚರಿತ್ರೆ ಮರಾಠಿಯಲ್ಲಿ ತಿರಸ್ಕೃತವಾದ ಒಂದು ಹಸ್ತಪ್ರತಿಯಿಂದ ಪ್ರಾರಂಭವಾಗುತ್ತದೆ ಎಂಬುದನ್ನು ಟಿಪ್ಪಣಿ ಮಾಡಿಕೊಳ್ಳಿ.

ಜಲಸಾಕಾರರು ತಮಾಷಾದಿಂದ ದೂರ ಸರಿದರು. ಅಣ್ಣಾಭಾವು ಮಾತ್ರ ಅದರೊಳಗೆ ಉಳಿದುಕೊಂಡೇ ಅದನ್ನು ತಿರುಗಿಸಿದರು. ಅವರು ಮುಟ್ಟಿದ್ದು ಮೊದಲನೆಯ ಹಾಡನ್ನು. ಗಣಪತಿಯ ಸ್ಥಾನದಲ್ಲಿ ತಾಯ್ನೆಲಕ್ಕೂ ಶಿವಾಜಿಗೂ ವಂದನೆ ಬಂತು. ನೋಡುವವರಿಗೆ ಇದು ಸಣ್ಣ ಬದಲಾವಣೆ. ಆದರೆ ಯೋಚಿಸಿ: ಯಾವ ದೇವರ ಗುಡಿಯ ಹೊಸ್ತಿಲನ್ನು ದಾಟಲು ಬಿಡುತ್ತಿರಲಿಲ್ಲವೋ ಆ ದೇವರನ್ನೇ ಹೊಗಳಿ ಆಟ ಪ್ರಾರಂಭಿಸಬೇಕಾಗಿತ್ತು ಮಾಂಗ ಕಲಾವಿದ. ಆ ಕಟ್ಟಳೆ ಯಾವ ಗದ್ದಲವೂ ಇಲ್ಲದೆ ಕೆಳಗಿಳಿಯಿತು. ಅನಂತರ ಗೌಳಣವನ್ನು ಕೈಬಿಟ್ಟರು. ವಗದಲ್ಲಿ ರಾಜ ಪ್ರಧಾನರು ಹೋಗಿ ಶೇಟಜಿ, ಸಾಹುಕಾರ, ಪುಢಾರಿ, ಮಂತ್ರಿ ಬಂದರು. ಸೋಂಗಾಡ್ಯಾ ಮಾತ್ರ ಅಲ್ಲಿಯೇ ಇದ್ದ; ಅವನ ನಾಲಿಗೆಗೆ ಹೊಸ ಕೆಲಸ ಸಿಕ್ಕಿತು.

ಗೌಳಣವನ್ನು ತೆಗೆದದ್ದರ ಬಗ್ಗೆ ನನಗೆ ಪೂರ್ತಿ ಸಮಾಧಾನವಿಲ್ಲ. ಅದರಲ್ಲಿ ಅಶ್ಲೀಲವಿತ್ತು, ನಿಜ. ಆದರೆ ಹೆಣ್ಣು ರಂಗದ ಮೇಲೆ ನಿಂತು ಬಾಯಿಗೆ ಬಾಯಿ ಕೊಡುವ ಅವಕಾಶವೂ ಅಲ್ಲಿಯೇ ಇತ್ತು. ಅದನ್ನೇ ನಂಬಿಕೊಂಡಿದ್ದ ನರ್ತಕಿಯರಿಗೆ ಹೊಸ ನಾಟಕದಲ್ಲಿ ಏನು ಸ್ಥಳ ಎಂಬ ಪ್ರಶ್ನೆಗೆ ಲಾಲ ಬಾವಟಾದವರು ಸರಿಯಾದ ಉತ್ತರ ಕಂಡುಕೊಳ್ಳಲಿಲ್ಲ.

ಸ್ವಾತಂತ್ರ್ಯ ಬಂದ ಹೊಸತರಲ್ಲಿ ಮುಂಬಯಿ ಸರಕಾರ ತಮಾಷಾದ ಮೇಲೆ ನಿರ್ಬಂಧ ಹೇರಿತು. ಹೇಳಿದ ಕಾರಣ ಅಶ್ಲೀಲತೆ. ಆದರೆ ಲಾಲ ಬಾವಟಾದ ಮೇಲಿನ ಕಣ್ಣಿಗೆ ರಾಜಕೀಯದ ಕಾರಣವೂ ಇತ್ತು. ಅಣ್ಣಾಭಾವು ಅದೇ ಆಟವನ್ನು ‘ಲೋಕನಾಟ್ಯ’ ಎಂಬ ಹೆಸರಿನಿಂದ ಮುಂದುವರಿಸಿದರು. ತಮಾಷಾಕ್ಕೆ ನಿರ್ಬಂಧ, ಲೋಕನಾಟ್ಯಕ್ಕೆ ಇಲ್ಲ. ಕಾಗದದ ಮೇಲಿನ ಕಾಯಿದೆಗೆ ಕಾಗದದ ಮೇಲಿನ ಹೆಸರಿನಿಂದಲೇ ಉತ್ತರ. ವಿಚಿತ್ರವೆಂದರೆ ಆ ಹೆಸರು ಮುಂದೆ ಮೇಲ್ಜಾತಿಯ ನಾಟಕಕಾರರಿಗೂ ಹಿಡಿಸಿತು. ನಗರದ ರಂಗಮಂದಿರಗಳಲ್ಲಿ ಟಿಕೆಟ್ಟಿನ ಲೋಕನಾಟ್ಯಗಳು ಮೆರೆದವು. ಹೆಸರು ಕೊಟ್ಟವನು ಚಿರಾಗನಗರದ ಗುಡಿಸಲಿನಲ್ಲಿಯೇ ಇದ್ದ.

‘ಅಕಲೇಚೀ ಗೋಷ್ಟ’, ‘ದೇಶಭಕ್ತ ಘೋಟಾಳೆ’, ‘ಶೇಟಜೀಚೇ ಇಲೆಕ್ಷನ್’, ‘ಪುಢಾರೀ ಮಿಳಾಲಾ’, ‘ಲೋಕಮಂತ್ರ್ಯಾಚಾ ದೌರಾ’, ‘ಮಾಝೀ ಮುಂಬಈ’ ಇವು ಅವರ ಹೆಸರುವಾಸಿಯಾದ ಲೋಕನಾಟ್ಯಗಳು. ಮರಾಠಿ ಬಲ್ಲ ನಿಮಗೆ ಶೀರ್ಷಿಕೆಗಳನ್ನು ಓದಿದರೆ ಸಾಕು, ಆಟ ಯಾರ ಮೇಲೆ ಎಂಬುದು ಗೊತ್ತಾಗುತ್ತದೆ. ‘ಮಾಝೀ ಮುಂಬಈ’ಯಲ್ಲಿ ಪ್ರಶ್ನೆ ಒಂದೇ: ಈ ಪಟ್ಟಣ ಹಣ ಹೂಡಿದವನದೋ ಬೆವರು ಸುರಿಸಿದವನದೋ. ಇದೇ ನೋಟ ಅವರ ಮುಂಬಯಿ ಲಾವಣಿಯಲ್ಲಿಯೂ ಇದೆ. ಮಲಬಾರ ಹಿಲ್ಲಿನ ಇಂದ್ರಪುರಿಯನ್ನೂ ಪರಳದ ದುಡಿಯುವವರ ಖೋಲಿಗಳನ್ನೂ ಅವರು ಎದುರೆದುರು ನಿಲ್ಲಿಸುತ್ತಾರೆ.

ಈಗ ಪರೀಕ್ಷೆಯಲ್ಲಿ ಬರಬಹುದಾದ, ಬಾರದಿದ್ದರೂ ಯೋಚಿಸಬೇಕಾದ ಪ್ರಶ್ನೆಗೆ ಬರೋಣ. ಈ ನಾಟಕಗಳಲ್ಲಿ ಜಾತಿ ಎಲ್ಲಿದೆ? ಶೇಟಜಿ ಇದ್ದಾನೆ, ಸಾಲಗಾರ ರೈತ ಇದ್ದಾನೆ, ಗಿರಣಿಯ ಕೆಲಸಗಾರ ಇದ್ದಾನೆ. ಜೋಯಿಸನನ್ನು ಹೆಸರು ಹಿಡಿದು ನಿಲ್ಲಿಸಿದ ಫುಲೆಯವರ ನೇರತನ ಇಲ್ಲಿ ಕಾಣುವುದಿಲ್ಲ. ವರ್ಗದ ಮಾತಿನಲ್ಲಿ ಜಾತಿಯನ್ನು ಮುಚ್ಚಿಟ್ಟರು ಎಂಬ ಆಕ್ಷೇಪ ಅವರ ಮೇಲೆ ಬಂದಿದೆ, ಅದನ್ನು ತಳ್ಳಿಹಾಕಲಾಗದು. ಪಕ್ಷದ ವೇದಿಕೆಯ ಮೇಲೆ ಜಾತಿ ಎರಡನೆಯ ಸಾಲಿನ ವಿಷಯವಾಗಿತ್ತು. ಅದನ್ನು ಒಡೆದು ಹೇಳುವ ಸ್ವಾತಂತ್ರ್ಯ ಅವರಿಗೆ ಕತೆ ಕಾದಂಬರಿಗಳಲ್ಲಿ ಸಿಕ್ಕಷ್ಟು ಲೋಕನಾಟ್ಯದಲ್ಲಿ ಸಿಗಲಿಲ್ಲ ಎಂದೇ ನನ್ನ ಅಭಿಪ್ರಾಯ. ಆದರೆ ನಾಟಕವನ್ನು ಕೇವಲ ಪಠ್ಯವಾಗಿ ಓದುವುದು ನಮ್ಮಂಥ ಮೇಷ್ಟರುಗಳ ರೋಗ. ರಂಗದ ಮೇಲೆ ನಿಂತವನು ಯಾರು ಎಂಬುದೂ ನಾಟಕದ ಅರ್ಥವೇ. ಚಾವಡಿಯಲ್ಲಿ ಹಾಜರಿ ಕೊಡಬೇಕಾಗಿದ್ದ ಜಾತಿಯವನು ಸಾವಿರಾರು ಜನರೆದುರು ನಿಂತು ಮಂತ್ರಿಯನ್ನು ಹಾಜರಿಗೆ ಕರೆಯುತ್ತಾನೆ, ಜನ ನಗುತ್ತಾರೆ. ಹೊಗಳಿಕೆಗೆ ಬಹುಮಾನ ಬೇಡುವ ವಾದ್ಯ ಇಲ್ಲಿ ಯಾರ ಮುಂದೆಯೂ ಕೈಚಾಚುವುದಿಲ್ಲ. ಜಾತಿಯ ಹೆಸರನ್ನು ಎತ್ತದೆಯೇ ಜಾತಿಯ ಕಟ್ಟಳೆಯೊಂದು ಅಲ್ಲಿ ಮುರಿದಿತ್ತು. 1949ರಲ್ಲಿ ಭಾರತೀಯ ಜನನಾಟ್ಯ ಸಂಘ, ಅಂದರೆ ಇಪ್ಟಾ, ಅವರನ್ನು ತನ್ನ ಅಧ್ಯಕ್ಷ ಸ್ಥಾನದಲ್ಲಿ ಕೂರಿಸಿತು.

ನಮ್ಮಂಥ ಗಡಿಯವರಿಗೆ ಅವರ ಬಾಳಿನ ಒಂದು ಘಟ್ಟ ಗಂಟಲಲ್ಲಿ ಸಿಕ್ಕುತ್ತದೆ. ಸಂಯುಕ್ತ ಮಹಾರಾಷ್ಟ್ರ ಚಳವಳಿಯಲ್ಲಿ ಅಣ್ಣಾಭಾವು, ಅಮರ ಶೇಖ ಮತ್ತು ಗವ್ಹಾಣಕರರು ಊರೂರು ತಿರುಗಿದರು. ಆ ಕಾಲದ ಅವರ ‘ಮಾಝೀ ಮೈನಾ’ ಛಕ್ಕಡ ಇಂದಿಗೂ ಮಹಾರಾಷ್ಟ್ರದ ಬಾಯಲ್ಲಿದೆ. ಹೊಟ್ಟೆಪಾಡಿಗೆ ಮುಂಬಯಿಗೆ ಬಂದವನು ಊರಿನಲ್ಲಿ ಬಿಟ್ಟುಬಂದ ಹೆಂಡತಿಯನ್ನು ನೆನೆದು ಹಾಡುತ್ತಾನೆ. ಹಾಡುತ್ತ ಹಾಡುತ್ತ ಆ ಅಗಲಿಕೆ ತುಂಡಾದ ನಾಡಿನ ಅಗಲಿಕೆಯಾಗುತ್ತದೆ. ವಲಸೆಯ ಬಡವನ ವಿರಹವನ್ನು ರಾಜಕೀಯವಾಗಿಸಿದ ಇಂಥ ಹಾಡು ನಮ್ಮಲ್ಲಿ ಅಪರೂಪ. ಆದರೆ ಆ ತುಂಡುಗಳ ಪಟ್ಟಿಯಲ್ಲಿ ಬೆಳಗಾವಿ, ನಿಪ್ಪಾಣಿ, ಕಾರವಾರಗಳ ಹೆಸರುಗಳಿವೆ. ಹೈಸ್ಕೂಲಿನ ಸ್ನೇಹ ಸಮ್ಮೇಳನದಲ್ಲಿ ಈ ಹಾಡಿಗೆ ನಾನೂ ಚಪ್ಪಾಳೆ ತಟ್ಟಿದೆ. ಆ ಹೆಸರುಗಳು ಬಂದಾಗ ಅಂಗೈ ತಾನೇ ನಿಂತಿತು. ಮಹಾಜನ ಆಯೋಗ 1967ರಲ್ಲಿ ಜತ್ತ, ಅಕ್ಕಲಕೋಟೆ, ಸೊಲ್ಲಾಪುರಗಳ ಬಗ್ಗೆ ಹೇಳಿದ್ದನ್ನು ನಮ್ಮ ಹಿರಿಯರು ಮನೆಯಲ್ಲಿ ಎಷ್ಟು ಸಲ ಹೇಳಿಲ್ಲ! ಗೆರೆಯ ಆಚೆ ಮರಾಠಿಯವನೂ ಈಚೆ ಕನ್ನಡದವನೂ ಒಂದೇ ಬಗೆಯ ನೋವನ್ನು ಬೇರೆ ಬೇರೆ ಊರುಗಳ ಹೆಸರಿನಲ್ಲಿ ಹಾಡುತ್ತಾರೆ. ಅಣ್ಣಾಭಾವು ಅವರ ಹಾಡಿನಲ್ಲಿ ನಮ್ಮ ಕಡೆಯ ಮನೆಗಳು ಕಾಣುವುದಿಲ್ಲ. ಇದನ್ನು ನಾನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಆದರೂ ಜತ್ತದ, ಅಥಣಿಯ ಕೇರಿಗಳಲ್ಲಿ ಎರಡು ಭಾಷೆಗಳನ್ನೂ ಮನೆಮಾತಿನಂತೆ ಆಡುವವರು ಅವರನ್ನು ತಮ್ಮವರೆಂದೇ ಕರೆಯುತ್ತಾರೆ. ಅವರಿಗೆ ಈ ಗೆರೆಗಿಂತ ಹಳೆಯ ಗೆರೆಯೊಂದು ಗೊತ್ತು.

1958ರ ಮಾರ್ಚ್ 2ರಂದು ಮುಂಬಯಿಯಲ್ಲಿ ಮೊದಲ ದಲಿತ ಸಾಹಿತ್ಯ ಸಮ್ಮೇಳನ ನಡೆಯಿತು. ಅಂಬೇಡ್ಕರರು ತೀರಿಕೊಂಡು ಒಂದೂಕಾಲು ವರ್ಷವಾಗಿತ್ತು. ಉದ್ಘಾಟಕರಾಗಿ ಅಣ್ಣಾಭಾವು ಆಡಿದ ಮಾತು ಮುಂದೆ ಆ ಸಾಹಿತ್ಯದ ಮೊದಲ ಘೋಷಣೆಯಂತೆ ಉಳಿಯಿತು. ಭೂಮಿಯನ್ನು ಹೊತ್ತಿರುವುದು ಪುರಾಣದ ಆದಿಶೇಷನ ಹೆಡೆಯಲ್ಲ, ದಲಿತರ ಮತ್ತು ದುಡಿಯುವವರ ಅಂಗೈ ಎಂಬುದು ಅದರ ಸಾರ. ಗಣದಲ್ಲಿ ದೇವರನ್ನು ಇಳಿಸಿದವರು ಇಲ್ಲಿ ಆದಿಶೇಷನನ್ನೂ ಇಳಿಸಿದರು. ಪಕ್ಷದ ವೇದಿಕೆಯಲ್ಲಿ ಜೋಡಿಸಲಾಗದೆ ಉಳಿದಿದ್ದ ಎರಡು ಮಾತುಗಳು, ದಲಿತ ಮತ್ತು ದುಡಿಮೆಗಾರ, ಆ ದಿನ ಒಂದೇ ವಾಕ್ಯದೊಳಗೆ ಬಂದವು. ಮರುವರ್ಷ ‘ಫಕೀರಾ’ ಕಾದಂಬರಿ ಹೊರಬಂತು. ಬರಗಾಲದಲ್ಲಿ ತನ್ನವರ ಹೊಟ್ಟೆಗಾಗಿ ಬ್ರಿಟಿಷರ ವಿರುದ್ಧ ಎದ್ದ ಮಾಂಗ ವೀರನ ಕತೆ ಅದು. ಹಾಜರಿಯ ಅವಮಾನಕ್ಕೆ ಅವರು ಕೊಟ್ಟ ದೀರ್ಘವಾದ ಉತ್ತರವೂ ಹೌದು. ಅದನ್ನು ಅಂಬೇಡ್ಕರರ ಲೇಖನಿಗೆ ಅರ್ಪಿಸಿದರು. ಜೀವನವಿಡೀ ಕೆಂಬಾವುಟದ ಕೆಳಗೆ ನಿಂತವರು ತಮ್ಮ ಅತಿ ದೊಡ್ಡ ಕೃತಿಯನ್ನು ಯಾರಿಗೆ ಕೊಟ್ಟರು ಎಂಬುದು, ಮೇಲಿನ ಪ್ರಶ್ನೆಗೆ ಉತ್ತರ ಬರೆಯುವವರಿಗೆ ಉಪಯೋಗವಾದೀತು. 1961ರಲ್ಲಿ ಆ ಕಾದಂಬರಿಗೆ ರಾಜ್ಯ ಸರಕಾರದ ಪ್ರಶಸ್ತಿ ಬಂದಿತು, ಬಳಿಕ ಅದು ಸಿನಿಮಾ ಆಯಿತು. ಅದೇ 1961ರಲ್ಲಿ ಸೋವಿಯತ್ ರಷ್ಯಾಕ್ಕೆ ಹೋಗಿ ಬಂದು ಪ್ರವಾಸ ಕಥನ ಬರೆದರು.

ಕಡೆಯ ವರ್ಷಗಳನ್ನು ಹೆಚ್ಚು ಹೇಳಲು ಮನಸ್ಸಾಗುವುದಿಲ್ಲ. ಪುಸ್ತಕಗಳು ಮಾರಾಟವಾದವು, ಕತೆಗಳು ತೆರೆಗೆ ಬಂದವು, ಬರೆದವನ ಕೈ ಬರಿದಾಗಿಯೇ ಇತ್ತು. ಸಂಸಾರ ಚದುರಿತು, ಕುಡಿತ ಹತ್ತಿತು, ಜೊತೆಯವರು ದೂರವಾದರು. ಘಾಟಕೋಪರದ ಚಿರಾಗನಗರದ ಗುಡಿಸಲಿನಲ್ಲಿ ದೀರ್ಘಕಾಲ ಬಾಳಿ, ಕೊನೆಗೆ ಗೋರೆಗಾಂವದ ಸಿದ್ಧಾರ್ಥನಗರದಲ್ಲಿ ಸರಕಾರ ಕೊಟ್ಟ ಸಣ್ಣ ಮನೆಗೆ ಹೋದರು. ಅಲ್ಲಿ 1969ರ ಜುಲೈ 18ರಂದು ತೀರಿಕೊಂಡರು. ನಲವತ್ತೊಂಬತ್ತು ತುಂಬಲು ಎರಡು ವಾರ ಉಳಿದಿತ್ತು. ಸರಿಯಾಗಿ ಆರು ವಾರಗಳ ಬಳಿಕ, ಆಗಸ್ಟ್ 29ರಂದು, ಅಮರ ಶೇಖ ಅಪಘಾತದಲ್ಲಿ ಮಡಿದರು.

2002ರಲ್ಲಿ ಅಂಚೆ ಇಲಾಖೆ ಅಣ್ಣಾಭಾವು ಅವರ ಚಿತ್ರವಿರುವ ಚೀಟಿಯನ್ನು ಹೊರತಂದಿತು. 2022ರಲ್ಲಿ ಮಾಸ್ಕೋ ನಗರದಲ್ಲಿ ಅವರ ಪ್ರತಿಮೆ ನಿಂತಿತು. ನಮ್ಮ ಊರಿನ ಕೇರಿಯಲ್ಲಿ ಒಂದು ಸಿಮೆಂಟ್ ಕಟ್ಟೆಯೂ ತಗಡಿನ ಫಲಕವೂ ಇವೆ. ಆ ಕೇರಿಯ ಹುಡುಗರು ಊರಿನ ಮದುವೆ ಮೆರವಣಿಗೆಗಳಿಗೆ ಹಲಗೆ ಬಾರಿಸುವುದನ್ನು ಬಿಟ್ಟು ಇಪ್ಪತ್ತು ವರ್ಷಗಳಾಗಿರಬೇಕು. ಅದಕ್ಕಾಗಿ ಒಂದಿಷ್ಟು ಕಾಲ ಊರಿನಲ್ಲಿ ಅವರಿಗೆ ಕೂಲಿಯೂ ಸಿಗಲಿಲ್ಲ. ಹಲಗೆಗಳನ್ನು ಮಾತ್ರ ಯಾರೂ ಮಾರಿಲ್ಲ. ಆಗಸ್ಟ್ 1ರ ಬೆಳಿಗ್ಗೆ ಅವು ಗೂಟದಿಂದ ಇಳಿಯುತ್ತವೆ, ಬೆಂಕಿಗೆ ಹಿಡಿದು ಕಾಯಿಸುತ್ತಾರೆ, ಮಧ್ಯಾಹ್ನದವರೆಗೆ ಬಾರಿಸುತ್ತಾರೆ.